ಹಕ್ಕಳೆಯಿಂದ ವಂಶವೃಕ್ಷದವರೆಗೆ: ಕುರಿ-ಮೇಕೆಗಳ ಬಾಯಿಹುಣ್ಣಿನ ವೈರಸ್‌ನ ಆನುವಂಶಿಕ ವೈವಿಧ್ಯ ಅಧ್ಯಯನಕ್ಕೆ ಸಮಗ್ರ ಮಾರ್ಗದರ್ಶಿ

ಮರಿ ಮೊಲೆಗೆ ಬಾಯಿ ಹಾಕುತ್ತದೆ, ತಾಯಿ ಒದ್ದು ಸರಿಯುತ್ತದೆ. ಮರಿಯ ತುಟಿಯಂಚಿನಲ್ಲಿ ಕಂದುಗಪ್ಪು ಹಕ್ಕಳೆ ಕಟ್ಟಿದೆ, ತಾಯಿಯ ಮೊಲೆತೊಟ್ಟಿನಲ್ಲೂ ಅಂಥದೇ ಹುಣ್ಣು. ಹಾಲು ಸಿಗದ ಮರಿ ನಾಲ್ಕೈದು ದಿನದಲ್ಲಿ ಬಡಕಲಾಗುತ್ತದೆ. ಹುಣ್ಣು ತಾನಾಗಿ ಮಾಯುವ ಜಾತಿಯದು, ಆದರೂ ಮರಿ ಉಳಿಯುವುದಿಲ್ಲ. ಕುರಿಗಾಹಿಗಳು ಇದನ್ನು ಬಾಯಿಹುಣ್ಣು ಎನ್ನುತ್ತಾರೆ. ಪಶುವೈದ್ಯರ ಭಾಷೆಯಲ್ಲಿ ಇದು ಆರ್ಫ್ ಅಥವಾ ಸಾಂಕ್ರಾಮಿಕ ಎಕ್ಥೈಮಾ. ಕಾರಣ ಆರ್ಫ್ ವೈರಸ್. ಸಿಡುಬಿನ ದೊಡ್ಡ ಕುಟುಂಬಕ್ಕೆ ಸೇರಿದ್ದು, ಅದರೊಳಗೆ ಪ್ಯಾರಾಪಾಕ್ಸ್ ಎಂಬ ಪಂಗಡದ್ದು.

ಪಶುವೈದ್ಯ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳು, ರೋಗಪತ್ತೆ ಪ್ರಯೋಗಾಲಯಗಳಲ್ಲಿ ದುಡಿಯುವವರು, ತಾಲ್ಲೂಕು ಆಸ್ಪತ್ರೆಯಿಂದಲೇ ಮಾದರಿ ಕಳುಹಿಸುವ ವೈದ್ಯರು, ಇವರಿಗಾಗಿ ಈ ಬರಹ. ಒಂದು ಪ್ರದೇಶದಲ್ಲಿ ಓಡಾಡುತ್ತಿರುವ ಆರ್ಫ್ ವೈರಸ್‌ಗಳು ಪರಸ್ಪರ ಎಷ್ಟು ಭಿನ್ನ ಎಂದು ತಿಳಿಯಲು ಏನೇನು ಮಾಡಬೇಕು, ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ಕೆಲಸದ ಬಹುಪಾಲು ತಪ್ಪುಗಳು ಕಂಪ್ಯೂಟರಿನ ಮುಂದೆ ಆಗುವುದಿಲ್ಲ, ಹಟ್ಟಿಯಲ್ಲಿ ಆಗುತ್ತವೆ. ಆದ್ದರಿಂದ ಹಟ್ಟಿಯ ಮಾತಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ವೈರಸ್‌ನ ಪರಿಚಯ

ಆರ್ಫ್ ವೈರಸ್‌ನ ಜೀನೋಮ್, ಅಂದರೆ ಅದರ ಇಡೀ ಆನುವಂಶಿಕ ಬರಹ, ಎರಡೆಳೆಯ ಡಿಎನ್‌ಎ. ಉದ್ದ ಸುಮಾರು 1,38,000 ಅಕ್ಷರಜೋಡಿ. ಅದರಲ್ಲಿ ಜಿ ಮತ್ತು ಸಿ ಅಕ್ಷರಗಳ ಪಾಲು ಸುಮಾರು ಶೇ 64. ಈ ಅಂಕಿಯನ್ನು ನೆನಪಿಡಿ, ಪಿಸಿಆರ್ (ಡಿಎನ್‌ಎಯ ಒಂದು ತುಣುಕನ್ನು ಹಿಗ್ಗಿಸುವ ವಿಧಾನ) ಕೈಕೊಡುವಾಗ ಇದೇ ಕಾರಣವಾಗಿರುತ್ತದೆ. ಜೀನ್‌ಗಳು 130ರ ಆಸುಪಾಸಿನಲ್ಲಿವೆ. ಜೀನೋಮ್‌ನ ನಡುಭಾಗದಲ್ಲಿ ವೈರಸ್ ಬದುಕಲು, ದ್ವಿಗುಣಗೊಳ್ಳಲು ಬೇಕಾದ ಜೀನ್‌ಗಳಿವೆ. ಅವು ಹೆಚ್ಚು ಬದಲಾಗುವುದಿಲ್ಲ. ಎರಡು ತುದಿಗಳತ್ತ ಹೋದಂತೆ ಪ್ರಾಣಿಯ ರೋಗನಿರೋಧಕ ಶಕ್ತಿಯನ್ನು ಮಣಿಸುವ ಜೀನ್‌ಗಳು ಸಿಗುತ್ತವೆ. ವೈವಿಧ್ಯ ಹೆಚ್ಚಾಗಿ ಇರುವುದು ಅಲ್ಲೇ.

ಈ ತುದಿಯ ಜೀನ್‌ಗಳ ಕೆಲಸ ಬೆರಗು ಹುಟ್ಟಿಸುತ್ತದೆ. ಒಂದು ಜೀನ್ ಕುರಿಯ ಇಂಟರ್‌ಲ್ಯೂಕಿನ್-10ನ್ನೇ ಹೋಲುವ ಪ್ರೋಟೀನ್ ತಯಾರಿಸಿ ಉರಿಯೂತವನ್ನು ತಣ್ಣಗಾಗಿಸುತ್ತದೆ. ಇನ್ನೊಂದು ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್‌ನ ನಕಲು. ಹುಣ್ಣು ಊದಿಕೊಂಡು ಕೆಂಪಗೆ ಗಂಟುಗಂಟಾಗಿ ಬೆಳೆಯುವುದಕ್ಕೆ, ಮುಟ್ಟಿದರೆ ರಕ್ತ ಜಿನುಗುವುದಕ್ಕೆ ಇದೇ ಮುಖ್ಯ ಕಾರಣ. ಜಿಐಎಫ್ ಎಂಬ ಮೂರನೆಯದು ರಕ್ಷಣಾ ಕೋಶಗಳನ್ನು ಕರೆತರುವ ಎರಡು ಸಂಕೇತ ಪ್ರೋಟೀನ್‌ಗಳನ್ನು ಹಿಡಿದುಹಾಕುತ್ತದೆ. ಕೆಮೊಕೈನ್‌ಗಳಿಗೆ ಅಂಟಿಕೊಳ್ಳುವ ಪ್ರೋಟೀನ್ ಒಂದು ಬೇರೆ ಇದೆ. ಇಷ್ಟೆಲ್ಲ ಸಜ್ಜಾಗಿ ಬರುವುದರಿಂದಲೇ ಒಮ್ಮೆ ಬಾಯಿಹುಣ್ಣು ಬಂದು ವಾಸಿಯಾದ ಕುರಿಗೆ ಅದೇ ರೋಗ ಮತ್ತೆ ಬರುತ್ತದೆ. ಎರಡನೆಯ ಸಲ ಸಾಮಾನ್ಯವಾಗಿ ಹಗುರವಾಗಿ ಬಂದು ಬೇಗ ಮಾಯುತ್ತದೆ, ಅಷ್ಟೇ ವ್ಯತ್ಯಾಸ.

ಹಂತ 1: ಪ್ರಶ್ನೆ ಏನೆಂದು ಬರೆದುಕೊಳ್ಳಿ

"ಆನುವಂಶಿಕ ವೈವಿಧ್ಯ ನೋಡಬೇಕು" ಎನ್ನುವುದು ಪ್ರಶ್ನೆಯಲ್ಲ. ಈ ಹುಣ್ಣು ಆರ್ಫ್ ಹೌದೋ ಅಲ್ಲವೋ? ಇದು ಒಂದು ಪ್ರಶ್ನೆ, ಒಂದು ಸಣ್ಣ ಪಿಸಿಆರ್ ಸಾಕು. ನಮ್ಮ ಜಿಲ್ಲೆಯ ವೈರಸ್ ದೇಶದ ಬೇರೆ ಕಡೆಯ ವೈರಸ್‌ಗಳಿಗೆ ಎಷ್ಟು ಹತ್ತಿರ? ಇದಕ್ಕೆ ಒಂದೆರಡು ಇಡೀ ಜೀನ್‌ಗಳು ಬೇಕು. ಒಟ್ಟಿಗೆ ಮೇಯುವ ಕುರಿಯಲ್ಲೂ ಮೇಕೆಯಲ್ಲೂ ಇರುವುದು ಒಂದೇ ವೈರಸ್ಸೇ, ಅಥವಾ ಎರಡು ಬೇರೆ ಕವಲುಗಳೇ? ಇದಕ್ಕೆ ಒಂದು ಜೀನ್ ಸಾಲದು, ಹಲವು ಬೇಕು, ಸಾಧ್ಯವಾದರೆ ಇಡೀ ಜೀನೋಮ್ ಬೇಕು. ಸಂತೆಯಿಂದ ತಂದ ಟಗರಿನಿಂದಲೇ ಈ ಹಿಂಡಿಗೆ ರೋಗ ಬಂತೇ ಎಂಬ ಪ್ರಶ್ನೆಗಂತೂ ಇಡೀ ಜೀನೋಮ್ ಇಲ್ಲದೆ ಉತ್ತರ ಹೇಳಲು ಹೋಗಬೇಡಿ.

ಪ್ರಶ್ನೆ ನಿರ್ಧಾರವಾದ ಮೇಲೆ ಎಷ್ಟು ಹಿಂಡು, ಹಿಂಡಿಗೆ ಎಷ್ಟು ಪ್ರಾಣಿ ಎಂದು ಲೆಕ್ಕ ಹಾಕಿ. ಒಂದೇ ಹಿಂಡಿನ 30 ಮರಿಗಳಿಗಿಂತ ಹತ್ತು ಹಿಂಡುಗಳ ಮೂರು ಮೂರು ಮರಿಗಳು ವೈವಿಧ್ಯದ ಅಧ್ಯಯನಕ್ಕೆ ಎಷ್ಟೋ ಮೇಲು.

ಹಂತ 2: ಹಟ್ಟಿಯಲ್ಲಿ ರೋಗ ಗುರುತಿಸುವುದು

ಸೋಂಕು ತಗುಲಿದ ಕೆಲವೇ ದಿನಗಳಲ್ಲಿ ತುಟಿ, ಮೂತಿ, ಮೂಗಿನ ಹೊಳ್ಳೆಯ ಸುತ್ತ ಕೆಂಪು ಗುಳ್ಳೆ ಏಳುತ್ತದೆ. ಅದು ಕೀವುಗುಳ್ಳೆಯಾಗಿ, ಒಡೆದು, ದಪ್ಪ ಹಕ್ಕಳೆಯಾಗುತ್ತದೆ. ತೊಡಕಿಲ್ಲದಿದ್ದರೆ ಸುಮಾರು ಒಂದು ತಿಂಗಳಲ್ಲಿ ಹಕ್ಕಳೆ ಉದುರುತ್ತದೆ. ವೈರಸ್ ಗಾಯವಿಲ್ಲದ ಚರ್ಮವನ್ನು ದಾಟಲಾರದು, ಅದಕ್ಕೊಂದು ಗೀರು ಬೇಕು. ಜಾಲಿಮುಳ್ಳು, ಒಣಗಿದ ಚೂಪು ಹುಲ್ಲು, ಮರಿಗೆ ಹೊಸ ಹಲ್ಲು ಮೂಡುವ ಕಾಲ, ಇವೆಲ್ಲ ಬಾಗಿಲು ತೆರೆಯುತ್ತವೆ. ಸುತ್ತಮುತ್ತ ಏನು ಮೇಯುತ್ತಿವೆ ಎಂದು ನೋಡಿ ಬರೆದುಕೊಳ್ಳಿ.

ಹೋಲುವ ರೋಗಗಳಿಂದ ಬೇರ್ಪಡಿಸುವುದರಲ್ಲಿ ಆತುರ ಸಲ್ಲದು. ಕುರಿ ಸಿಡುಬು, ಮೇಕೆ ಸಿಡುಬುಗಳಲ್ಲಿ ಜ್ವರ ಜೋರು, ಗಂಟುಗಳು ಬಾಲದ ಕೆಳಗೆ, ತೊಡೆಸಂದಿಯಲ್ಲಿ, ಕೂದಲು ಕಡಿಮೆ ಇರುವ ಕಡೆಯೆಲ್ಲ ಕಾಣುತ್ತವೆ. ಪಿಪಿಆರ್‌ನಲ್ಲಿ (ಕುರಿ-ಮೇಕೆಗಳ ಪ್ಲೇಗ್) ಕಣ್ಣುಮೂಗು ಸೋರುತ್ತವೆ, ಭೇದಿ ಆಗುತ್ತದೆ, ಸಾವು ಹೆಚ್ಚು. ಕಾಲುಬಾಯಿ ರೋಗದಲ್ಲಿ ಕುಂಟು, ಗೊರಸಿನ ಸಂದಿಯಲ್ಲಿ ಹುಣ್ಣು. ನೀಲಿ ನಾಲಿಗೆ ರೋಗದಲ್ಲಿ ಮುಖ ಊದಿಕೊಳ್ಳುತ್ತದೆ, ಬಾಯೊಳಗೆ ಹುಣ್ಣಾಗುತ್ತದೆ, ದಪ್ಪ ಹಕ್ಕಳೆ ಕಟ್ಟುವುದು ಅದರ ಲಕ್ಷಣವಲ್ಲ. ಒಂದೇ ಪ್ರಾಣಿಯಲ್ಲಿ ಪಿಪಿಆರ್ ಮತ್ತು ಆರ್ಫ್ ಎರಡೂ ಇರಬಹುದು. ಹಿಂಡಿನಲ್ಲಿ ಸಾವು ಹೆಚ್ಚಾಗಿದ್ದರೆ "ಬಾಯಿಹುಣ್ಣು, ಬಿಡಿ" ಎಂದು ಹೊರಟುಬರಬೇಡಿ. ಪಶುಪಾಲನಾ ಇಲಾಖೆಗೆ ತಿಳಿಸಿ, ಬೇರೆ ರೋಗಗಳಿಗೂ ಮಾದರಿ ತೆಗೆಯಿರಿ.

ಹಂತ 3: ಹಕ್ಕಳೆ ತೆಗೆಯುವುದು

ಕೈಗವಸು ಹಾಕದೆ ಮುಟ್ಟಲೇಬೇಡಿ. ಆರ್ಫ್ ಮನುಷ್ಯರಿಗೂ ಹರಡುತ್ತದೆ. ಕುರಿ ಹಿಡಿಯುವವರ, ಮಾಂಸ ಕೊಯ್ಯುವವರ ಬೆರಳಿನ ಮೇಲೆ ಗಂಟಿನಂಥ ಹುಣ್ಣಾಗಿ ವಾರಗಟ್ಟಲೆ ಇರುತ್ತದೆ. ಬಹುಪಾಲು ತಾನಾಗಿ ವಾಸಿಯಾಗುತ್ತದೆ. ಆದರೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ದೊಡ್ಡ ಗಡ್ಡೆಯಾಗಿ ಬೆಳೆಯಬಲ್ಲದು. ಮರಿಯನ್ನು ಹಿಡಿದುಕೊಡುವ ಕುರಿಗಾಹಿಗೂ ಒಂದು ಜೊತೆ ಕೈಗವಸು ಕೊಡಿ. ಅವರ ಕೈಯಲ್ಲಿ ಆಗಲೇ ಹುಣ್ಣಿದ್ದರೆ ವೈದ್ಯರ ಬಳಿ ಹೋಗಲು ಹೇಳಿ. ಸಂಶೋಧನೆಗೆಂದು ಮನುಷ್ಯರ ಮಾದರಿ ತೆಗೆಯಲು ನೈತಿಕ ಸಮಿತಿಯ ಅನುಮತಿ, ಅವರ ಲಿಖಿತ ಒಪ್ಪಿಗೆ ಬೇಕೇಬೇಕು.

ಎಳೆಯ ಹುಣ್ಣಿನ ಹಕ್ಕಳೆ ಆರಿಸಿಕೊಳ್ಳಿ. ತಾನಾಗಿ ಉದುರಲು ಸಿದ್ಧವಾದ ಹಳೆಯ ಹಕ್ಕಳೆಯಲ್ಲಿ ಬ್ಯಾಕ್ಟೀರಿಯಾ, ಮಣ್ಣು ಹೆಚ್ಚು. ಔಷಧಿ, ಅರಿಶಿನ, ಎಣ್ಣೆ ಹಚ್ಚಿದ್ದರೆ ಮೊದಲು ಶುದ್ಧ ನೀರಿನಲ್ಲಿ ನೆನೆಸಿದ ಹತ್ತಿಯಿಂದ ಒರೆಸಿ. ಚಿಮಟದಿಂದ ಅಂಚು ಎತ್ತಿ, ನಿಧಾನವಾಗಿ ಬಿಡಿಸಿ. ಪ್ರತಿ ಪ್ರಾಣಿಗೂ ಬೇರೆ ಚಿಮಟ, ಬೇರೆ ಕೈಗವಸು. ಪಿಸಿಆರ್‌ಗೆ ಹಕ್ಕಳೆಯನ್ನು ಒಣ, ಕ್ರಿಮಿರಹಿತ ಸೀಸೆಯಲ್ಲಿ ಹಾಕಿದರೆ ಸಾಕು. ವೈರಸ್ ಬೆಳೆಸಬೇಕಿದ್ದರೆ ಇನ್ನೊಂದು ತುಣುಕನ್ನು ಆ್ಯಂಟಿಬಯೋಟಿಕ್ ಸೇರಿಸಿದ ಬಫರ್‌ನಲ್ಲಿ ಇಡಿ. ಫಾರ್ಮಲಿನ್‌ನಲ್ಲಿ ಹಾಕಬೇಡಿ, ಡಿಎನ್‌ಎ ತುಂಡಾಗುತ್ತದೆ. ಮಂಜುಗಡ್ಡೆ ಪೆಟ್ಟಿಗೆಯಲ್ಲಿ ತನ್ನಿ, ಪ್ರಯೋಗಾಲಯದಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಒಣ ಹಕ್ಕಳೆಯಲ್ಲಿ ಈ ವೈರಸ್ ತಿಂಗಳುಗಟ್ಟಲೆ, ಅನುಕೂಲವಿದ್ದರೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ದೂರದ ಹಟ್ಟಿಯಿಂದ ಬರುವಾಗ ಮಂಜುಗಡ್ಡೆ ಕರಗಿತೆಂದು ಮಾದರಿಯನ್ನು ಎಸೆಯಬೇಡಿ, ಪರೀಕ್ಷೆ ಮಾಡಿ ನೋಡಿ. ಅದೇ ಕಾರಣಕ್ಕೆ ನೆಲಕ್ಕೆ ಬಿದ್ದ ಚೂರನ್ನು ಅಲ್ಲೇ ಬಿಟ್ಟು ಬರಬೇಡಿ, ಹೆಕ್ಕಿ ಸುಡಿ.

ಇನ್ನು ಬರವಣಿಗೆ. ಪ್ರತಿ ಮಾದರಿಯ ಜೊತೆ ಕುರಿಯೋ ಮೇಕೆಯೋ, ತಳಿ, ವಯಸ್ಸು, ಊರು, ದಿನಾಂಕ, ಹುಣ್ಣು ಶುರುವಾಗಿ ಎಷ್ಟು ದಿನ, ಹಿಂಡಿನಲ್ಲಿ ಎಷ್ಟಕ್ಕೆ ಬಂದಿದೆ, ಎಷ್ಟು ಸತ್ತಿವೆ, ಲಸಿಕೆ ಹಾಕಿದ್ದಾರೆಯೇ ಎಂದು ಬರೆಯಿರಿ. ಕರ್ನಾಟಕದಲ್ಲಿ ಇನ್ನೊಂದು ಕಾಲಂ ಕಡ್ಡಾಯ: ಹಿಂಡು ಬಂದ ದಾರಿ. ಡೆಕ್ಕನಿ, ಬಳ್ಳಾರಿ, ಕೆಂಗುರಿ ಕುರಿಗಳ ಅನೇಕ ಹಿಂಡುಗಳು ಒಂದೇ ಊರಿನಲ್ಲಿ ಇರುವುದಿಲ್ಲ. ರೈತರ ಹೊಲದಲ್ಲಿ ಗೊಬ್ಬರಕ್ಕೆ ಕುರಿ ತರುಬುತ್ತ ಜಿಲ್ಲೆಯಿಂದ ಜಿಲ್ಲೆಗೆ ಸಾಗುತ್ತವೆ. ಅಂಥ ಹಿಂಡಿನ ಮಾದರಿಗೆ ನೀವು ಸಿಕ್ಕ ಊರಿನ ಹೆಸರು ಬರೆದರೆ, ನಾಳೆ ವಂಶವೃಕ್ಷದಲ್ಲಿ ಆ ಊರಿಗೆ ಸಂಬಂಧವೇ ಇಲ್ಲದ ವೈರಸ್ ಆ ಊರಿನದಾಗಿ ಕೂರುತ್ತದೆ. ಹಿಂದಿನ ಎರಡು ತಿಂಗಳು ಎಲ್ಲೆಲ್ಲಿ ಇಳಿದಿದ್ದರು, ಅಮೀನಗಡ, ಕೆರೂರಿನಂಥ ಸಂತೆಗಳಿಂದ ಹೊಸ ಕುರಿ ತಂದರೇ, ಜೊತೆಗೆ ಮೇಕೆಗಳಿವೆಯೇ ಎಂದು ಕೇಳಿ. ಕುರಿಗಾಹಿಗೆ ಇದೆಲ್ಲ ಬೆರಳ ತುದಿಯಲ್ಲಿರುತ್ತದೆ. ನಾವು ಕೇಳಬೇಕು, ಕೂತು ಕೇಳಬೇಕು.

ಹಂತ 4: ಡಿಎನ್‌ಎ ಬಿಡಿಸುವುದು

ಹಕ್ಕಳೆಯನ್ನು ಕತ್ತರಿಸಿ, ಬಫರ್ ಸೇರಿಸಿ ಶೇ 10ರ ಪ್ರಮಾಣದಲ್ಲಿ ಅರೆಯಿರಿ. ಮೂರು ಬಾರಿ ಹೆಪ್ಪುಗಟ್ಟಿಸಿ ಕರಗಿಸಿದರೆ ಕೋಶಗಳು ಒಡೆಯುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ಪ್ರೋಟೀನೇಸ್ ಕೆ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದು ಒಳ್ಳೆಯದು, ಹಕ್ಕಳೆ ಕೆರಟಿನ್‌ನಿಂದ ಗಟ್ಟಿಯಾಗಿರುತ್ತದೆ. ಮುಂದಿನದು ಸಾಮಾನ್ಯ ಕಿಟ್‌ನ ಕೆಲಸ. ಪ್ರತಿ ಸರದಿಯಲ್ಲೂ ಹಕ್ಕಳೆ ಹಾಕದ ಖಾಲಿ ಮಾದರಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ.

ಹಂತ 5: ಪಿಸಿಆರ್

ಮೊದಲ ಜಾಲಾಟಕ್ಕೆ ಜಪಾನಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರೈಮರ್‌ಗಳು (ಹಿಗ್ಗಿಸಬೇಕಾದ ಜಾಗದ ಎರಡು ತುದಿ ಗುರುತಿಸುವ ಸಣ್ಣ ಡಿಎನ್‌ಎ ಚೂರುಗಳು) ಇಂದಿಗೂ ಎಲ್ಲೆಡೆ ಬಳಕೆಯಲ್ಲಿವೆ. ಬಿ2ಎಲ್ ಜೀನ್‌ನ 594 ಅಕ್ಷರದ ತುಣುಕನ್ನು ಅವು ಹಿಗ್ಗಿಸುತ್ತವೆ. ಡಿಎನ್‌ಎ ಕಡಿಮೆ ಇದ್ದರೆ ಅದರೊಳಗಿನ 235 ಅಕ್ಷರಗಳ ಎರಡನೇ ಸುತ್ತು ಇದೆ. ಇವು ಆರ್ಫ್ ಒಂದನ್ನೇ ಅಲ್ಲ, ಪ್ಯಾರಾಪಾಕ್ಸ್ ಪಂಗಡವನ್ನೇ ಹಿಡಿಯುತ್ತವೆ. ಹಾಗಾಗಿ ಜೆಲ್‌ನಲ್ಲಿ ಪಟ್ಟಿ ಕಂಡ ಕೂಡಲೇ ಆರ್ಫ್ ಎಂದು ಬರೆಯಬೇಡಿ, ಅಕ್ಷರ ಓದಿದ (ಸೀಕ್ವೆನ್ಸಿಂಗ್) ಮೇಲೆ ಬರೆಯಿರಿ. ಕುರಿ-ಮೇಕೆ ಸಿಡುಬಿನ ಅನುಮಾನವಿದ್ದರೆ ಆ ವೈರಸ್‌ಗಳ ಪಂಗಡವಾದ ಕ್ಯಾಪ್ರಿಪಾಕ್ಸ್‌ನ ಪಿ32 ಜೀನ್‌ಗೂ ಪರೀಕ್ಷೆ ಮಾಡಿ. ಪಿಪಿಆರ್, ಕಾಲುಬಾಯಿ ರೋಗದ ವೈರಸ್‌ಗಳು ಆರ್‌ಎನ್‌ಎಯವು. ನಿಮ್ಮ ಡಿಎನ್‌ಎ ಪರೀಕ್ಷೆಯಲ್ಲಿ ಅವು ಕಾಣಲಿಲ್ಲ ಎಂದರೆ ಇಲ್ಲ ಎಂದರ್ಥವಲ್ಲ.

ವೈವಿಧ್ಯ ನೋಡಲು ಇಡೀ ಬಿ2ಎಲ್ ಜೀನ್ ಬೇಕು. ಅದರ ಉದ್ದ 1137 ಅಕ್ಷರ, 378 ಅಮೈನೋ ಆಮ್ಲಗಳ ಹೊರಪೊರೆ ಪ್ರೋಟೀನ್ ಅದು. ಎರಡೂ ಬದಿಯಲ್ಲಿ ಸ್ವಲ್ಪ ಹೊರಗಿನಿಂದ ಶುರುವಾಗುವ ಪ್ರೈಮರ್‌ಗಳನ್ನು ಆರಿಸಿಕೊಳ್ಳಿ. ಪಟ್ಟಿ ಮಸುಕಾಗಿ ಬಂದರೆ ಅಥವಾ ಬಾರದಿದ್ದರೆ ಮೊದಲು ಜಿಸಿ ಪ್ರಮಾಣವನ್ನು ನೆನೆಯಿರಿ. ಶೇ 5ರಷ್ಟು ಡಿಎಂಎಸ್‌ಒ, ಜಿಸಿ ಹೆಚ್ಚಿರುವ ತುಣುಕುಗಳಿಗೆಂದೇ ಇರುವ ಬಫರ್, ಎಳೆ ಬಿಡಿಸುವ ಉಷ್ಣತೆ 98 ಡಿಗ್ರಿ, ಇವನ್ನು ಒಂದೊಂದಾಗಿ ಪ್ರಯತ್ನಿಸಿ. ತಪ್ಪು ತಿದ್ದುವ ಪಾಲಿಮರೇಸ್‌ಗೆ ಸ್ವಲ್ಪ ಹೆಚ್ಚು ಹಣ ಹೋದರೂ ಪರವಾಗಿಲ್ಲ. ಏಕೆಂದು ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ಇಲ್ಲೊಂದು ಅನುಭವ ಹೇಳಬೇಕು. ಒಮ್ಮೆ ಮೂರು ಬೇರೆ ಬೇರೆ ಊರಿನ ಮಾದರಿಗಳು ಅಕ್ಷರಕ್ಕೆ ಅಕ್ಷರ ಒಂದೇ ಬಂದವು. ಒಂದೇ ವೈರಸ್ ಇಷ್ಟು ದೂರ ಹರಡಿದೆ ಎಂದು ಹಿಗ್ಗಿದೆ. ಎರಡು ದಿನ ಬಿಟ್ಟು ನೋಡಿದರೆ, ಆ ಅಕ್ಷರಗಳು ನಾವೇ ಇಟ್ಟುಕೊಂಡಿದ್ದ ಪಾಸಿಟಿವ್ ಕಂಟ್ರೋಲ್‌ನವು (ವೈರಸ್ ಇದೆಯೆಂದು ಖಚಿತವಿರುವ, ಹೋಲಿಕೆಗೆ ಇಟ್ಟ ಮಾದರಿ). ಪಿಪೆಟ್ಟಿನ ಮೂಲಕ ಅದು ಎಲ್ಲ ಟ್ಯೂಬ್‌ಗಳಿಗೂ ಸೇರಿತ್ತು. ಅಂದಿನಿಂದ ಕಂಟ್ರೋಲ್ ತೆರೆಯುವ ಕೋಣೆ ಬೇರೆ, ಮಿಶ್ರಣ ಮಾಡುವ ಕೋಣೆ ಬೇರೆ. ನಿಮ್ಮ ಕಂಟ್ರೋಲ್‌ನ ಅಕ್ಷರಗಳನ್ನು ಮೊದಲೇ ಓದಿಸಿಟ್ಟುಕೊಳ್ಳಿ, ಹೋಲಿಸಲು ಬೇಕಾಗುತ್ತದೆ.

ಹಂತ 6: ಎರಡನೇ ಜೀನ್ ಆರಿಸುವುದು

ಬಿ2ಎಲ್ ಎಲ್ಲರೂ ಓದಿಸುವ ಜೀನ್, ಹೋಲಿಕೆಗೆ ಮಾಹಿತಿ ಬೇಕಾದಷ್ಟಿದೆ. ಅದೇ ಅದರ ಬಲ. ಆದರೆ ಅದು ಹೆಚ್ಚು ಬದಲಾಗದ ಜೀನ್. ಜೊತೆಗೆ ತುದಿಯತ್ತಣ ಒಂದೆರಡು ಜೀನ್ ಓದಿಸಿ. ಜಿಐಎಫ್ ಒಳ್ಳೆಯ ಆಯ್ಕೆ. ಇಂಟರ್‌ಫೆರಾನ್‌ನ ಪರಿಣಾಮವನ್ನು ತಡೆಯುವ ವಿಐಆರ್ ಜೀನ್ ಇನ್ನೊಂದು. ವಿಇಜಿಎಫ್ ವೈರಸ್‌ನ ತಳಿಯಿಂದ ತಳಿಗೆ ತುಂಬಾ ಬದಲಾಗುತ್ತದೆ. ಅದಕ್ಕೇ ಒಂದೇ ಜೊತೆ ಪ್ರೈಮರ್ ಎಲ್ಲ ಮಾದರಿಗಳಿಗೂ ಕೆಲಸ ಮಾಡದಿರಬಹುದು. ಹಣ ಒಂದು ಜೀನ್‌ಗೆ ಮಾತ್ರ ಇದ್ದರೆ ಬಿ2ಎಲ್, ಎರಡಕ್ಕಿದ್ದರೆ ಬಿ2ಎಲ್ ಮತ್ತು ಜಿಐಎಫ್. ಇದು ನನ್ನ ಸಲಹೆ.

ಹಂತ 7: ಅಕ್ಷರಗಳನ್ನು ಪರಿಶೀಲಿಸುವುದು

ತುಣುಕನ್ನು ಎರಡೂ ದಿಕ್ಕಿನಿಂದ ಓದಿಸಿ. ಬಂದ ಕಡತದಲ್ಲಿ ಅಕ್ಷರಗಳನ್ನು ಮಾತ್ರ ನಕಲಿಸಿಕೊಳ್ಳಬೇಡಿ, ಬಣ್ಣದ ಅಲೆಗಳ ಚಿತ್ರವನ್ನು ಕಣ್ಣಾರೆ ನೋಡಿ. ಪ್ರೈಮರ್ ಭಾಗವನ್ನು ಕತ್ತರಿಸಿ ತೆಗೆಯಿರಿ, ಅದು ವೈರಸ್‌ನದಲ್ಲ, ನೀವು ಹಾಕಿದ್ದು. ಪ್ರೋಟೀನ್‌ಗೆ ಭಾಷಾಂತರಿಸಿ, ನಡುವೆ ನಿಲುಗಡೆ ಸಂಕೇತ ಬಂದರೆ ಬಹುತೇಕ ಅದು ಓದಿನ ತಪ್ಪು. ಒಂದೇ ಜಾಗದಲ್ಲಿ ಎರಡು ಅಲೆ ಒಂದರ ಮೇಲೊಂದು ಕಂಡರೆ ಎರಡು ವೈರಸ್ ಬೆರೆತಿರಬಹುದು, ಮಾದರಿ ಕೆಟ್ಟಿರಲೂಬಹುದು. ಮತ್ತೆ ಮೂಲ ಹಕ್ಕಳೆಯಿಂದ ಶುರು ಮಾಡಿ.

ಇಷ್ಟು ಕಟ್ಟುನಿಟ್ಟು ಯಾಕೆ? ಲೆಕ್ಕ ನೋಡಿ. ಆರ್ಫ್ ವೈರಸ್‌ಗಳ ಬಿ2ಎಲ್ ಜೀನ್‌ಗಳು ಪರಸ್ಪರ ಸಾಮಾನ್ಯವಾಗಿ ಶೇ 97ಕ್ಕಿಂತ ಹೆಚ್ಚು ಹೋಲುತ್ತವೆ. 1137 ಅಕ್ಷರದಲ್ಲಿ ಶೇ 1 ಎಂದರೆ ಹನ್ನೊಂದು ಅಕ್ಷರ. ಒಂದೇ ಪ್ರದೇಶದ ಎರಡು ವೈರಸ್‌ಗಳ ನಡುವೆ ನಾಲ್ಕೈದು ಅಕ್ಷರಗಳ ವ್ಯತ್ಯಾಸವಷ್ಟೇ ಇರಬಹುದು. ಅಂಥಲ್ಲಿ ಪಾಲಿಮರೇಸ್ ಮಾಡಿದ ಎರಡು ತಪ್ಪು, ನೀವು ಗಮನಿಸದ ಒಂದು ತಪ್ಪು ಸೇರಿದರೆ ಹೊಸ ಕವಲೊಂದು ಹುಟ್ಟಿಬಿಡುತ್ತದೆ, ಯಾವ ಕುರಿಯಲ್ಲೂ ಇಲ್ಲದ ಕವಲು.

ಹಂತ 8: ವಂಶವೃಕ್ಷ ಕಟ್ಟುವುದು

ಜೀನ್‌ಗಳ ಅಕ್ಷರಗಳನ್ನು ಎಲ್ಲರಿಗೂ ತೆರೆದಿಡುವ ಜೆನ್‌ಬ್ಯಾಂಕ್ ಎಂಬ ದತ್ತಕೋಶದಿಂದ ಹೋಲಿಕೆಯ ವೈರಸ್ ತಳಿಗಳನ್ನು ಇಳಿಸಿಕೊಳ್ಳಿ. ನ್ಯೂಜಿಲೆಂಡ್‌ನ ಎನ್‌ಝಡ್2, ಅಮೆರಿಕದ ಕುರಿಮರಿಯಿಂದ ಬಂದ ಐಎ82, ಅಲ್ಲಿನದೇ ಮೇಕೆಮರಿಯಿಂದ ಬಂದ ಎಸ್‌ಎ00, ಜರ್ಮನಿಯ ಡಿ1701, ಇವು ಇರಲೇಬೇಕು. ಭಾರತದ್ದರಲ್ಲಿ ಮುಕ್ತೇಶ್ವರದ ಮುಕ್-59/05 ಮತ್ತು ಬೇರೆ ರಾಜ್ಯಗಳ ಮಾದರಿಗಳನ್ನು ಸೇರಿಸಿ. ಮರಕ್ಕೆ ಬೇರು ಬೇಕು. ಅದಕ್ಕೆ ಅದೇ ಪಂಗಡದ ಸೂಡೋಕೌಪಾಕ್ಸ್ ವೈರಸ್ ಮತ್ತು ದನಗಳ ಪ್ಯಾಪುಲರ್ ಸ್ಟೊಮಟೈಟಿಸ್ ವೈರಸ್ ಹಾಕಿ. ನಿಮ್ಮ ಮಾದರಿ ಸೂಡೋಕೌಪಾಕ್ಸ್ ಪಕ್ಕ ಕೂತರೆ ಅದೇ ಒಂದು ಸುದ್ದಿ, ಮುಚ್ಚಿಡಬೇಡಿ.

ಮಾಫ್ಟ್ ಅಥವಾ ಮಸಲ್ ತಂತ್ರಾಂಶದಿಂದ ಸಾಲುಹೊಂದಿಸಿ, ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿ. ಕೆಲವರು 594ರ ತುಣುಕನ್ನೂ ಇಡೀ ಜೀನನ್ನೂ ಬೆರೆಸಿ ಮರ ಕಟ್ಟುತ್ತಾರೆ, ಹಾಗೆ ಮಾಡಬೇಡಿ. ಮೆಗಾ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಮೊದಲು ಸೂಕ್ತ ಮಾದರಿಸೂತ್ರ (ಅಕ್ಷರಗಳು ಬದಲಾಗುವ ರೀತಿಯ ಲೆಕ್ಕ) ಯಾವುದೆಂದು ಅದರಲ್ಲೇ ಪರೀಕ್ಷಿಸಿ, ಆಮೇಲೆ ಮ್ಯಾಕ್ಸಿಮಮ್ ಲೈಕ್ಲಿಹುಡ್ ವಿಧಾನದಲ್ಲಿ 1000 ಬೂಟ್‌ಸ್ಟ್ರಾಪ್‌ನೊಂದಿಗೆ (ಪ್ರತಿ ಕವಲು ಎಷ್ಟು ಗಟ್ಟಿ ಎಂದು ನೋಡುವ ಮರುಪರೀಕ್ಷೆ) ಮರ ಕಟ್ಟಿ. ತುಂಬಾ ಹತ್ತಿರದ ಮಾದರಿಗಳಿದ್ದರೆ ಮರಕ್ಕಿಂತ ಹ್ಯಾಪ್ಲೋಟೈಪ್ ಜಾಲ (ಒಂದೊಂದು ಅಕ್ಷರದ ವ್ಯತ್ಯಾಸದಿಂದ ಮಾದರಿಗಳನ್ನು ಜೋಡಿಸುವ ಚಿತ್ರ) ಹೆಚ್ಚು ಹೇಳುತ್ತದೆ. ಪಾಪ್‌ಆರ್ಟ್ ತಂತ್ರಾಂಶ ಅದಕ್ಕೆ ಸಾಕು.

ಹಂತ 9: ಮರವನ್ನು ಓದುವುದು

ಬೂಟ್‌ಸ್ಟ್ರಾಪ್ 70ಕ್ಕಿಂತ ಕಡಿಮೆ ಇರುವ ಕವಲಿನ ಮೇಲೆ ಕಥೆ ಕಟ್ಟಬೇಡಿ. ಮರದಲ್ಲಿ ಮೇಲೆ ಕೆಳಗೆ ಇರುವುದಕ್ಕೆ ಅರ್ಥವಿಲ್ಲ, ಎಲ್ಲಿ ಕವಲೊಡೆದಿದೆ ಎಂಬುದಕ್ಕೆ ಮಾತ್ರ ಅರ್ಥ.

ಕುರಿ ಮತ್ತು ಮೇಕೆಯ ಪ್ರಶ್ನೆ ಎಲ್ಲರಿಗೂ ಆಸಕ್ತಿಯದು. ಇಡೀ ಜೀನೋಮ್‌ಗಳನ್ನು ಹೋಲಿಸಿದಾಗ ಕುರಿಯ ವೈರಸ್‌ಗಳು ಒಂದು ಕಡೆ, ಮೇಕೆಯ ವೈರಸ್‌ಗಳು ಇನ್ನೊಂದು ಕಡೆ ಗುಂಪಾಗುವುದು ಹೆಚ್ಚಾಗಿ ಕಂಡಿದೆ. ಆದರೆ ಬಿ2ಎಲ್ ಒಂದನ್ನೇ ನೋಡಿದರೆ ಎರಡೂ ಬೆರೆತುಕೊಂಡಿರುತ್ತವೆ. ಅಂದರೆ ನಿಮ್ಮ ಮರದಲ್ಲಿ ಕುರಿ-ಮೇಕೆ ಬೆರೆತಿದ್ದರೆ ಎರಡು ಸಾಧ್ಯತೆ: ವೈರಸ್ ನಿಜವಾಗಿಯೂ ಒಂದರಿಂದ ಇನ್ನೊಂದಕ್ಕೆ ದಾಟುತ್ತಿದೆ, ಅಥವಾ ನೀವು ನೋಡಿದ ಜೀನ್‌ಗೆ ಅವನ್ನು ಬೇರ್ಪಡಿಸುವ ಶಕ್ತಿ ಇಲ್ಲ. ಒಂದೇ ಜೀನ್ ಇಟ್ಟುಕೊಂಡು ಮೊದಲನೆಯದನ್ನೇ ತೀರ್ಮಾನವಾಗಿ ಬರೆದ ಎಷ್ಟೋ ಪ್ರಬಂಧಗಳನ್ನು ನೋಡಿ ಬೇಸರವಾಗಿದೆ. ನಮ್ಮಲ್ಲಿ ಕುರಿಹಿಂಡಿನ ಜೊತೆಗೇ ಹತ್ತಾರು ಮೇಕೆಗಳು ನಡೆಯುತ್ತವೆ. ಒಂದೇ ಹಿಂಡಿನ, ಒಂದೇ ವಾರದ ಕುರಿ ಮತ್ತು ಮೇಕೆಯ ಜೋಡಿ ಮಾದರಿ ಸಿಕ್ಕರೆ ಚಿನ್ನ ಸಿಕ್ಕಂತೆ. ಅದನ್ನು ಇಡೀ ಜೀನೋಮ್‌ಗೆ ಕಾದಿಡಿ.

ಅಮೈನೋ ಆಮ್ಲ ಬದಲಿಸುವ ಬದಲಾವಣೆಗಳೆಷ್ಟು, ಬದಲಿಸದವೆಷ್ಟು ಎಂದು ಎಣಿಸಿ. ಬಿ2ಎಲ್‌ನಲ್ಲಿ ಸಾಮಾನ್ಯವಾಗಿ ಬದಲಿಸದವೇ ಹೆಚ್ಚು. ಎರಡು ಜೀನ್‌ಗಳ ಮರಗಳು ಒಂದಕ್ಕೊಂದು ಹೊಂದದಿದ್ದರೆ ವೈರಸ್‌ಗಳು ಪರಸ್ಪರ ತುಣುಕು ವಿನಿಮಯ ಮಾಡಿಕೊಂಡಿರಬಹುದು. ಆರ್‌ಡಿಪಿ ತಂತ್ರಾಂಶದಲ್ಲಿ ಪರೀಕ್ಷಿಸಿ. ಜೀವಂತ ಲಸಿಕೆ ಬಳಸಿದ ಕಡೆಯ ಮಾದರಿಯಾದರೆ, ನಿಮಗೆ ಸಿಕ್ಕಿರುವುದು ಲಸಿಕೆಯ ವೈರಸ್ಸೇ ಇರಬಹುದೆಂದು ಹೋಲಿಸಿ ನೋಡಿ.

ಹಂತ 10: ಇಡೀ ಜೀನೋಮ್

ಸಾಧ್ಯವಾದರೆ ನೇರ ಹಕ್ಕಳೆಯಿಂದಲೇ ಓದಿಸಿ. ಪ್ರಯೋಗಾಲಯದ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿದ ವೈರಸ್ ತನ್ನ ತುದಿಗಳನ್ನು ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಒಂದು ತುದಿಯ ಭಾಗ ಇನ್ನೊಂದು ತುದಿಗೆ ನಕಲಾಗುತ್ತದೆ. ಹಾಗೆ ಬೆಳೆಸಿ ದುರ್ಬಲಗೊಳಿಸಿದ ಡಿ1701 ಇದಕ್ಕೆ ಹೆಸರಾದ ಉದಾಹರಣೆ. ನೀವು ಹುಡುಕುವ ವೈವಿಧ್ಯ ತುದಿಗಳಲ್ಲೇ ಇರುವಾಗ, ಕೋಶದಲ್ಲಿ ಹುಟ್ಟಿದ ಬದಲಾವಣೆಯನ್ನು ಹಟ್ಟಿಯದೆಂದು ಬರೆದರೆ ಅಧ್ಯಯನವೇ ಹಾಳು. ಬೆಳೆಸಲೇಬೇಕಿದ್ದರೆ ಎಷ್ಟನೇ ಸಲ ಬೆಳೆಸಿದ್ದು ಎಂದು ದಾಖಲಿಸಿ. ಎರಡೂ ತುದಿಗಳಲ್ಲಿ ತಿರುಗುಮುರುಗಾಗಿ ಒಂದೇ ರೀತಿಯ ಮೂರ್ನಾಲ್ಕು ಸಾವಿರ ಅಕ್ಷರಗಳಿರುತ್ತವೆ. ಸಣ್ಣ ತುಣುಕು ಓದುವ ಯಂತ್ರಕ್ಕೆ ಅವನ್ನು ಬಿಡಿಸುವುದು ಕಷ್ಟ, ಉದ್ದ ಓದುವ ನ್ಯಾನೊಪೋರ್ ಜೊತೆಗಿದ್ದರೆ ಸುಲಭ.

ಹಂತ 11: ಠೇವಣಿ ಮತ್ತು ಹಟ್ಟಿಗೆ ಮರಳುವುದು

ಅಕ್ಷರಗಳನ್ನು ಜೆನ್‌ಬ್ಯಾಂಕ್‌ಗೆ ಸೇರಿಸುವಾಗ ಪ್ರಾಣಿ, ಜಿಲ್ಲೆ, ದಿನಾಂಕ, ನೇರ ಹಕ್ಕಳೆಯೋ ಬೆಳೆಸಿದ್ದೋ ಎಂಬ ಎಲ್ಲ ವಿವರ ತುಂಬಿ. "ಭಾರತ, ಕುರಿ" ಎಂದಷ್ಟೇ ಇರುವ ದಾಖಲೆಯಿಂದ ಮುಂದಿನವರಿಗೆ ಉಪಯೋಗ ಕಡಿಮೆ. ಕುರಿಗಾಹಿಯ ಹೆಸರು, ಫೋನ್ ನಂಬರ್ ಎಲ್ಲೂ ಹಾಕಬೇಡಿ.

ಫಲಿತಾಂಶವನ್ನು ಆ ಹಿಂಡಿನವರಿಗೆ ಹೇಳಿ ಬನ್ನಿ. ವಂಶವೃಕ್ಷ ಅವರಿಗೆ ಬೇಕಿಲ್ಲ. ಹುಣ್ಣಿರುವ ಮರಿ-ತಾಯಿಯನ್ನು ಬೇರೆ ಕಟ್ಟುವುದು, ಬಾಯಿ ನೋಯುವ ಮರಿಗೆ ಹಾಲು ಕರೆದು ಕುಡಿಸುವುದು, ಹುಳು ಬೀಳದಂತೆ ಹುಣ್ಣನ್ನು ನೋಡಿಕೊಳ್ಳುವುದು, ಉದುರಿದ ಹಕ್ಕಳೆ ಮತ್ತು ಹಟ್ಟಿಯ ಕಸವನ್ನು ಸುಡುವುದು, ಸಂತೆಯಿಂದ ತಂದ ಕುರಿಯನ್ನು ಎರಡು ಮೂರು ವಾರ ಬೇರೆ ಇಡುವುದು, ಇವು ಬೇಕು. ಹಕ್ಕಳೆ ಅರೆದು ತೊಡೆಗೆ ಗೀರಿ ಹಚ್ಚುವ ಹಳೆಯ ಪದ್ಧತಿಯ ಬಗ್ಗೆ ಕೇಳಿದರೆ ಸ್ಪಷ್ಟವಾಗಿ ಹೇಳಿ: ಅದು ಜೀವಂತ ವೈರಸ್, ರೋಗವೇ ಇಲ್ಲದ ಹಿಂಡಿಗೆ ಹಚ್ಚಿದರೆ ರೋಗವನ್ನು ನಾವೇ ಕರೆತಂದಂತೆ.

ಕೊನೆಯದಾಗಿ, ಪ್ರತಿ ಹಕ್ಕಳೆಯ ಅರ್ಧವನ್ನು ಬಳಸದೆ ಮೈನಸ್ 80ರಲ್ಲಿ ಬಿಡಿ. ಸೀಸೆಯ ಮೇಲೆ ಅಳಿಸದ ಶಾಯಿಯಲ್ಲಿ ಸಂಖ್ಯೆ, ಪುಸ್ತಕದಲ್ಲಿ ಅದೇ ಸಂಖ್ಯೆಯ ಎದುರು ಹಿಂಡಿನ ಪೂರ್ತಿ ವಿವರ. ಇಂದು ಬಿ2ಎಲ್‌ಗೆ ಮಾತ್ರ ಹಣವಿರುವ ಪ್ರಯೋಗಾಲಯಕ್ಕೆ ಮುಂದೊಂದು ವರ್ಷ ಜೀನೋಮ್‌ಗೆ ಹಣ ಬಂದಾಗ, ಇದೇ ಸೀಸೆಯನ್ನು ಹೊರತೆಗೆಯಬೇಕಾಗುತ್ತದೆ.